ಷರಾ

ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೈಗಿಟ್ಟರು
ಒಂದು ಟೇಪು, ಒಂದು ಡಬ್ಬಿ ಸುಣ್ಣ, ಗೆರೆ ಹೊಡೆದ ಹಾಳೆ:
ಕ್ರಮಸಂಖ್ಯೆ, ಗಿಡದ ಹೆಸರು, ಸುತ್ತಳತೆ, ಷರಾ.
ದಿನಕ್ಕೆ ಆರುನೂರು, ಮಧ್ಯಾಹ್ನ ಚಿತ್ರಾನ್ನ.
ಗುಡ್ಡದ ಈ ಮಗ್ಗುಲು ಹೋಗುತ್ತದಂತೆ,
ಹೋಗುವ ಮುಂಚೆ ಏನೇನಿತ್ತು ಬರೆದಿಡಬೇಕಂತೆ.

ನನಗೆ ಗೊತ್ತಿದ್ದದ್ದು ಬೇವು, ಬನ್ನಿ, ಸೀತಾಫಲ.
ಉಳಿದದ್ದಕ್ಕೆ ಚಿನ್ನೋಬಮ್ಮನನ್ನು ಕರೆದೊಯ್ದೆ.
ನಮ್ಮವ್ವನ ದೊಡ್ಡವ್ವ ಅವಳು,
ನಮ್ಮ ಬೇಡರ ಹಟ್ಟಿಯ ಬಾಣಂತಿಯರಿಗೆಲ್ಲ ನೀರು ಹಾಕಿದವಳು.
ಗುಡ್ಡದ ಬುಡದಲ್ಲೇ ಮೆಟ್ಟು ಬಿಟ್ಟಳು.
ಎಲೆಯ ಮೇಲೆ ಕೂತ ಅದಿರಿನ ಕೆಂಧೂಳನ್ನು
ಸೆರಗಿನಿಂದ ಒರೆಸುವಳು,
ಮುಖ ನೋಡುವಳು,
ಆಮೇಲೆ ಬಾಯಿ ಬಿಡುವಳು.

"ಇದೇನವ್ವ?"
"ಕೂಸಿನ ಮೊದಲ ನೀರಿಗೆ."
"ಹೆಸರು?"
"ಲಕ್ಕಿ. ಇದರ ನೀರು ಮೈಮ್ಯಾಲೆ ಬೀಳೋತನಕ
ನೀನು ಅಳಾಕೂ ಕಲೀಲಿಲ್ಲ."
ಲಕ್ಕಿ, ಬರೆದೆ. ಹದಿನಾರು ಸೆಂಟಿಮೀಟರ್.

ಸುಜ್ಜಲಿ, ಮದುವಣಗಿತ್ತಿಯ ತಲೆಗೆ.
ತಂಗಡಿ, ಕುರಿ ಕಾಯುವವನ ರುಮಾಲಿನೊಳಗೆ,
ನೆತ್ತಿ ಸುಡದ ಹಾಗೆ.
ಬಂದರಿಕೆ ಕಂಡಾಗ ನಿಂತೇಬಿಟ್ಟಳು.
"ಕಲ್ಲಿನ ಗುಡಿ ನಮ್ಮ ದೇವರಿಗೆ ಸೆಕಿ ಆಕ್ಕೈತಿ.
ವರ್ಷಕ್ಕೆ ಎರಡು ರಾತ್ರಿ ಈ ಸೊಪ್ಪಿನ ಪದಿಯೊಳಗ
ಬಂದು ಮಲಗಿ ಹೊಕ್ಕಾನ."
ಷರಾದ ಮನೆ ಅರ್ಧ ಬೆರಳಿನಷ್ಟು ಅಗಲ.
ದೇವರು ಹಿಡಿಸಲಿಲ್ಲ.

ಈಚಲ ಪೊದೆಯ ಹತ್ತಿರ ಸೀರೆ ಎತ್ತಿ ಸಿಕ್ಕಿಸಿ
ನೆರಳು ದಾಟದೆ ಸುತ್ತು ಹಾಕಿ ಹೋದಳು.
"ನೀ ಬರಕೋ. ನಾ ಮುಟ್ಟಾಂಗಿಲ್ಲ."
ಅಳೆದೆ. ಆಮೇಲೆ ಟೇಪಿನ ತುದಿ ಹಿಡಿಯೆಂದರೆ ಒಲ್ಲಳು.
ಎಕ್ಕದ ಎಲೆಯಿಂದ ಉದ್ದಕ್ಕೂ ಒರೆಸಿದ ಮೇಲೆ,
ಮೂರು ಮೀಟರು ಪೂರಾ ಒರೆಸಿದ ಮೇಲೆ, ಹಿಡಿದಳು.

ಬಂಡೆಯ ಸಂದಿನಲ್ಲಿ ಬಿಳಲಿನಂಥದೊಂದು,
ನಾಕೇ ಎಲೆ.
ನಾನು ಬಗ್ಗುವಷ್ಟರಲ್ಲಿ ಅಡ್ಡ ಕೂತಳು,
ಕೂಸಿಗೆ ಹಾಲೂಡುವಾಗ ಕೂರುವ ಹಾಗೆ.
"ಇದರ ಹೆಸರು ಬಾಯಾಗ ಬಂದ್ರ ಗುಣ ಹೊಕ್ಕೈತಿ."
ಯಾವ ಬ್ಯಾನಿಗೆಂದು ನಾನೂ ಕೇಳಲಿಲ್ಲ.
ಎರಡು ನೂರಾ ಹದಿನಾಲ್ಕು ಎಂದಷ್ಟೇ ಬರೆದೆ.
ಪಕ್ಕದ ಮನೆಗಳು ಬೆಳ್ಳಗೆ ಉಳಿದವು.

ಅವಳೋ, ಸೊಂಟದ ಚೀಲದಿಂದ
ಒಂದು ಅಡಿಕೆಹೋಳು, ನಾಕು ಕಾಳು ಜೋಳ
ಅದರ ಬುಡಕ್ಕಿಟ್ಟು ಪಿಸುಗುಟ್ಟಿದಳು:
"ನಾಳಿ ಕೋಳಿ ಕೂಗೋಕ ಮುಂಚೆ ಬರ್ತೀನಿ ತಾಯಿ.
ಇವತ್ತು ಹೇಳಿ ಹೊಕ್ಕೀನಿ."
ಹೇಳದೆ ಕಿತ್ತರೆ ಅದು ಬರೀ ಸೊಪ್ಪು.

ಇಳಿಯುವಾಗ ತಿರುಗಿ ನೋಡಿದಳು
ನಾನು ಬರೆದ ಸುಣ್ಣದ ಅಂಕಿಗಳನ್ನು,
ಗುಡ್ಡದ ತುಂಬ, ಕಾಂಡದಿಂದ ಕಾಂಡಕ್ಕೆ.
"ಇಷ್ಟೂ ಗಿಡಕ್ಕ ಹಿಂದಿನ ದಿನ
ಯಾರರ ಹೇಳ್ಯಾರೇನು?"

ಡಬ್ಬಿಯ ಮುಚ್ಚಳ ತಿರುವುತ್ತ ನಡೆದೆ.
ಸುಣ್ಣ ಉಗುರಿನೊಳಗೆ ಕಚ್ಚುತ್ತಿತ್ತು.

ಮಾರನೆಯ ನಸುಕಿನಲ್ಲಿ ಅವಳೊಬ್ಬಳೇ ಹೋಗಿ
ಮಣ್ಣು ಸಮೇತ ತಂದಳು, ಒಡೆದ ಬಕೀಟಿನಲ್ಲಿಟ್ಟಳು.
ಒಂಬತ್ತು ದಿನ ಇತ್ತು.
"ಕರದ್ರ ಬಂತಲ್ಲ, ಅದs ದೊಡ್ಡದು" ಎಂದು
ಬಕೀಟಿಗೆ ಮೆಣಸಿನ ಸಸಿ ಊರಿದಳು.

ಪಟ್ಟಿ ಟೈಪಾಗಿ ಬಂದ ದಿನ ಓದೆಂದಳು.
ಬುಡ್ಡಿಯ ದೀಪದಂಥ ಮೊಬೈಲಿನ ಬೆಳಕಿನಲ್ಲಿ
ಒಂದು, ಬೇವು. ಎರಡು, ಲಕ್ಕಿ. ಮೂರು, ಸುಜ್ಜಲಿ.
ಕತೆಗೆ ಗುಟ್ಟುವ ಹಾಗೆ ಪ್ರತಿ ಹೆಸರಿಗೂ
ಹೂಂ, ಎಂದಳು,
ಹೂಂ.

ಎರಡು ನೂರಾ ಹದಿನಾಲ್ಕಕ್ಕೆ
ಸೂಪರ್‌ವೈಸರು ತಾನೇ ತುಂಬಿದ್ದ:
"ಇತರೆ, ಒಂದು."

ಹೂಂ ಬರಲಿಲ್ಲ.
ಹೊರಗೆ ಲಾರಿಯೊಂದು ಗೇರು ಬದಲಿಸಿ ಏರಿತು.

"ಮುಂದಿಂದು ಓದು" ಅಂದಳು.